ಪಿಯಾನೋ ಮೇಲಿನ ಡಬ್ಬ ಮೊದಲು ಇಳಿಸಿ

ಮಕ್ಕಳ ಹಾಡಿಗೆ ಲ್ಯಾಪ್‌ಟಾಪಿನಲ್ಲಿ ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕುವ ಐಡಿಯಾ ಮೊದಲು ಯಾರ ತಲೆಗೆ ಬಂತೋ, ಅವರಿಗೆ ದೂರದಿಂದಲೇ ಒಂದು ನಮಸ್ಕಾರ.

ಇವತ್ತು ಮಗಳ ಶಾಲೆಯಲ್ಲಿ ಹಾರ್ವೆಸ್ಟ್ ಅಸೆಂಬ್ಲಿ. ಗೊತ್ತಲ್ಲ, ಇಂಗ್ಲೆಂಡಿನ ಶಾಲೆಗಳಲ್ಲಿ ಸುಗ್ಗಿ ಹೊತ್ತಿಗೆ ಮಕ್ಕಳು ಫುಡ್ ಬ್ಯಾಂಕಿಗೆ ಕೊಡೋಕೆ ಬೀನ್ಸ್ ಡಬ್ಬ, ಸೂಪ್ ಡಬ್ಬ ತರುತ್ತಾರೆ. ಹೊಳೆ, ಹಕ್ಕಿ, ಬೆಳೆ ಎಲ್ಲದಕ್ಕೂ ದೇವರಿಗೆ ಥ್ಯಾಂಕ್ಸ್ ಹೇಳಿ ಹಾಡುತ್ತಾರೆ. ಹಾಲ್‌ನಲ್ಲಿ ಪಿಯಾನೋ ಇದೆ. ಅದರ ಮೇಲೆ ಡಬ್ಬಗಳ ರಾಶಿ. ಹಾಡಿಗೆ ಲ್ಯಾಪ್‌ಟಾಪ್!

'ಮಾರ್ನಿಂಗ್ ಹ್ಯಾಸ್ ಬ್ರೋಕನ್' ಶುರುವಾಯಿತು. 1971ರಲ್ಲಿ ಕ್ಯಾಟ್ ಸ್ಟೀವನ್ಸ್ ಹಾಡಿದ್ದರಲ್ಲ, ರಿಕ್ ವೇಕ್‌ಮನ್ ಪಿಯಾನೋ ನುಡಿಸಿದ್ದು, ಅದರ ನಕಲು. ಮೊದಲಿಗೆ ಉದ್ದಕ್ಕೆ ಬರೀ ಪಿಯಾನೋ. ಮುಂದಿನ ಸಾಲಿನ ಪುಟಾಣಿಗಳು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಒಬ್ಬ ತಡೆಯಲಾರದೆ ಹಾಡಿಯೇ ಬಿಟ್ಟ. ಟೀಚರ್ ಕಣ್ಣು ಕೆಕ್ಕರಿಸಿದರು. ಅವನದೇನು ತಪ್ಪು ಹೇಳಿ?

ಎಲ್ಲರೂ ಇದನ್ನು ಕ್ಯಾಟ್ ಸ್ಟೀವನ್ಸ್ ಹಾಡು ಅಂತಾರೆ. ಅಲ್ಲ ಸ್ವಾಮಿ. ಇಂಗ್ಲಿಷ್ ಲೇಖಕಿ ಎಲಿನರ್ ಫಾರ್ಜನ್ ಬರೆದದ್ದು, 1931ರಲ್ಲಿ ಬಂತು. ಅದೂ ಸ್ಕಾಟ್ಲೆಂಡಿನ ಹಳೇ ಗೇಲಿಕ್ ಧಾಟಿಯೊಂದಕ್ಕೆ ಹೊಂದುವ ಹಾಗೆ ಬರೆಯಿರಿ ಅಂತ ಕೇಳಿ ಬರೆಸಿದ್ದು. ಧಾಟಿಯ ಹೆಸರು ಬನೆಸ್ಸನ್, ಮಲ್ ದ್ವೀಪದ ಒಂದು ಹಳ್ಳಿಯ ಹೆಸರು. ಧಾಟಿ ಮೊದಲು, ಮಾತು ಆಮೇಲೆ. ನಮ್ಮ ಲೆಕ್ಕದಲ್ಲಿ ಹಾಡಿ ನೋಡಿ: ಸ ಗ ಪ, ಮೇಲಿನ ಸ, ಮೇಲಿನ ರಿ. ಮೊದಲ ಐದು ಸ್ವರಕ್ಕೇ ಸ್ಥಾಯಿ ದಾಟಿ ಆಯಿತು. ಮಕ್ಕಳಿಗೆ ಕಷ್ಟ ಅನಿಸಿದರೆ ನುಡಿಸುವವರು ಶ್ರುತಿ ಸ್ವಲ್ಪ ಇಳಿಸುತ್ತಾರೆ, ಉಸಿರು ತೆಗೆದುಕೊಳ್ಳಲಿ ಅಂತ ಒಂದು ಕ್ಷಣ ಕಾಯುತ್ತಾರೆ. ಟ್ರ್ಯಾಕ್ ಯಾರಿಗೆ ಕಾಯುತ್ತೆ?

ಇವತ್ತು ಹಾಡಿಸಿದ ಇನ್ನೊಂದು ಹಾಡು 'ಆಲ್ ಥಿಂಗ್ಸ್ ಬ್ರೈಟ್ ಅಂಡ್ ಬ್ಯೂಟಿಫುಲ್' ಕಥೆಯೂ ಅದೇ. ಸೆಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ 1848ರಲ್ಲಿ ಪ್ರಕಟಿಸಿದ್ದು. ಅದಕ್ಕೆ ಸಂಗೀತಗಾರ ಮಾಂಕ್ ಹಾಕಿದ 1887ರ ಧಾಟಿ ಚೆನ್ನಾಗಿದೆ, ಸ್ವಲ್ಪ ಇಸ್ತ್ರಿ ಹಾಕಿದ ಹಾಗಿದೆ ಅಷ್ಟೇ. 1915ರಲ್ಲಿ ಮಾರ್ಟಿನ್ ಶಾ ಇದಕ್ಕೆ 17ನೇ ಶತಮಾನದ ಜನಪದ ಧಾಟಿಯೊಂದನ್ನು ಹೊಂದಿಸಿದರು, ರಾಯಲ್ ಓಕ್ ಅಂತ. ರಾಜ ಎರಡನೇ ಚಾರ್ಲ್ಸ್ 1660ರ ಮೇ 29ಕ್ಕೆ ಲಂಡನ್ನಿಗೆ ವಾಪಸ್ ಬಂದನಲ್ಲ, ಮೊದಲು 'ಮೇ 29' ಅಂತ ಆ ದಿನದ ಹೆಸರೇ ಇದ್ದ ಕುಣಿತದ ಧಾಟಿ! ಮಕ್ಕಳು ಕಾಲು ಆಡಿಸದೆ ಹಾಡುವುದೇ ಕಷ್ಟ. ಇವತ್ತಿನ ಟ್ರ್ಯಾಕಿನಲ್ಲಿ ಅದಕ್ಕೂ ಡ್ರಮ್ ಬಡಿದಿದ್ದಾರೆ. ಪುಣ್ಯಾತ್ಮರು.

ಟೀಚರ್‌ಗಳಿಗೆ ಪಿಯಾನೋ ಬರಲ್ಲ, ದುಡ್ಡಿಲ್ಲ, ಟೈಮ್ ಇಲ್ಲ ಅಂತ ಪಕ್ಕದಲ್ಲಿದ್ದ ಅಮ್ಮ ಒಬ್ಬರು ಸಮಾಧಾನ ಹೇಳಿದರು. ಸರಿ, ಒಪ್ಪೋಣ. ಹಾಗಿದ್ದರೆ ಸುಮ್ನೆ ಬರೀ ಬಾಯಲ್ಲಿ ಹಾಡಿಸಿ! ಹಳ್ಳಿಯವರ ಬಾಯಲ್ಲೇ ಬೆಳೆದ ಧಾಟಿಗೆ ಸ್ಪೀಕರ್ ಯಾಕೆ ಬೇಕು? ಹಳೇ ಹಾಡು, ಬದಲಾಗಲಿ ಬಿಡಿ ಅನ್ನುವವರೂ ಇದ್ದಾರೆ. 'ಆಲ್ ಥಿಂಗ್ಸ್' ಹಾಡಿನಲ್ಲಿದ್ದ, ಸಾಹುಕಾರ ಕೋಟೆಯಲ್ಲಿ, ಬಡವ ಅವನ ಬಾಗಿಲಲ್ಲಿ, ಎಲ್ಲ ದೇವರೇ ಮಾಡಿದ್ದು ಅನ್ನುವ ಚರಣವನ್ನು 1906ರ ಚರ್ಚ್ ಹಾಡಿನ ಪುಸ್ತಕ 'ಇಂಗ್ಲಿಷ್ ಹಿಮ್ನಲ್' ಕೈಬಿಟ್ಟಿತು, ಒಳ್ಳೆಯದೇ ಆಯಿತು. ಆ ಸಾಲು ಹೋದದ್ದಕ್ಕೆ ನಾನಂತೂ ಅಳಲ್ಲ. ಆದರೆ ಮಕ್ಕಳ ದನಿಯನ್ನೇ ಮುಚ್ಚಿಹಾಕುವುದು ಯಾವ ಸುಧಾರಣೆ?

ನನಗೆ ದೇವರು, ಚರ್ಚು ಎಲ್ಲ ಅಷ್ಟಕ್ಕಷ್ಟೇ ಅಂತ ನಿಮಗೆ ಗೊತ್ತು. ಆದರೂ ಊರಿನ ಕಾನ್ವೆಂಟಿನಲ್ಲಿ ಅರ್ಥ ಆಗದೆ ಬಾಯಿಪಾಠ ಮಾಡಿದ ಈ ಹಾಡುಗಳು ಈಗಲೂ ಪಾತ್ರೆ ತೊಳೆಯುವಾಗ ಬಾಯಿಗೆ ಬರುತ್ತವೆ. ಅದಕ್ಕೇ ಜಾಸ್ತಿ ಉರಿ ಇರಬೇಕು.

ಈ ಕಡೆ ಇರುವ ಗೆಳೆಯರಲ್ಲಿ ಪಿಯಾನೋ ಬರುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಬೇಕು. ಹೆಡ್ ಟೀಚರ್ ಹತ್ತಿರ ನಾನು ಮಾತಾಡುತ್ತೇನೆ, ಊಟ ನಮ್ಮನೆಯಲ್ಲಿ.