ವಿಗ್ಗು ಬಿಡಿ, ಉಗುರು ಬರೆಯಿರಿ

ಪ್ರತಿ ವರ್ಷ ಜನವರಿ 19 ಬಂತೆಂದರೆ ನನ್ನ ಇನ್‌ಸ್ಟಾಗ್ರಾಂ ತುಂಬ ಹೊಂಬಣ್ಣದ ವಿಗ್ಗುಗಳು. ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ‘ಕಂಟ್ರಿ’ಯ ಗಾಯಕಿ ಡಾಲಿ ಪಾರ್ಟನ್ ಹುಟ್ಟಿದ ದಿನ ಅದು. ನಾನು ಹಿಂಬಾಲಿಸುವ ಚಿತ್ರಕಾರರಲ್ಲಿ ಅರ್ಧಕ್ಕರ್ಧ ಮಂದಿ ಅಂದು ಆಕೆಯ ಚಿತ್ರ ಬರೆದು ಹಾಕುತ್ತಾರೆ. ಗೋಪುರದಂತೆ ಎತ್ತಿ ಕಟ್ಟಿದ ಕೂದಲು, ಫಳಫಳ ಹೊಳೆಯುವ ಕಲ್ಲು, ಮುಷ್ಟಿಯಲ್ಲಿ ಹಿಡಿಯುವಷ್ಟು ಸೊಂಟ, ಸುತ್ತ ನಾಲ್ಕು ಚಿಟ್ಟೆ, ಹಿಂದೆ ಒಂದಿಷ್ಟು ಗುಲಾಬಿ ಬಣ್ಣ. ಮುಗಿಯಿತು. ಹತ್ತು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಗೆರೆಗೆ ಗೆರೆ ಕೂಡಿಕೊಳ್ಳುತ್ತದೆ.

ನಾನೂ ಎರಡು ಸಲ ಇದನ್ನೇ ಮಾಡಿದ್ದೇನೆ. ನನ್ನ ಬೇರೆ ಯಾವ ಚಿತ್ರಕ್ಕೂ ಬಾರದಷ್ಟು ಲೈಕುಗಳು ಅವಕ್ಕೆ ಬಂದವು. ಹಾಗಾಗಿ ಕೆಳಗಿನ ಬೈಗುಳದಲ್ಲಿ ನನ್ನ ಪಾಲನ್ನು ನಾನೇ ಎತ್ತಿಟ್ಟುಕೊಂಡಿದ್ದೇನೆ.

ಡಾಲಿ ಯಾರೆಂದು ಗೊತ್ತಿಲ್ಲದವರಿಗೂ ಒಂದು ಹಾಡು ಗೊತ್ತಿರುತ್ತದೆ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಹಾಡಿ ಲೋಕವನ್ನೆಲ್ಲ ಅಳಿಸಿದ ‘ಐ ವಿಲ್ ಆಲ್ವೇಸ್ ಲವ್ ಯು’. ಅದನ್ನು ಬರೆದವರು ಡಾಲಿ, 1974ರಲ್ಲಿ ಮೊದಲು ಹಾಡಿದವರೂ ಅವರೇ. ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಲು ಬಯಸಿದಾಗ ಆತನ ಮ್ಯಾನೇಜರ್ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದ. ಡಾಲಿ ರಾತ್ರಿಯೆಲ್ಲ ಅತ್ತರಂತೆ, ಆದರೆ ಪಾಲು ಮಾತ್ರ ಕೊಡಲಿಲ್ಲ. ಅವರನ್ನು ಅಂಗಡಿಯ ಬೊಂಬೆಯಂತೆ ಬರೆಯುವವರು ಈ ರಾತ್ರಿಯನ್ನೂ ಸ್ವಲ್ಪ ನೆನೆಯಬೇಕು.

ತಮಾಷೆಯೆಂದರೆ ಆ ಬೊಂಬೆಯನ್ನು ಮೊದಲು ಬರೆದವರು ಡಾಲಿಯೇ. ಟೆನೆಸಿ ರಾಜ್ಯದ ಸೆವಿಯರ್ ಕೌಂಟಿಯ ಬೆಟ್ಟದ ಗುಡಿಸಲಿನಲ್ಲಿ ಹುಟ್ಟಿದ 12 ಮಕ್ಕಳಲ್ಲಿ ಅವರು ನಾಲ್ಕನೆಯವರು. ಹೆರಿಗೆ ಮಾಡಿಸಿದ ವೈದ್ಯನಿಗೆ ಅಪ್ಪ ಕೊಟ್ಟ ಫೀಸು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ಆ ಊರಿನಲ್ಲಿ ಬಣ್ಣ ಬಳಿದುಕೊಂಡು, ಬಿಗಿ ಬಟ್ಟೆ ತೊಟ್ಟು ಓಡಾಡುವ ಒಬ್ಬ ಹೆಂಗಸಿದ್ದಳು. ಹಿರಿಯರು ಆಕೆಯನ್ನು ಕಂಡು ಮೂಗು ಮುರಿಯುತ್ತಿದ್ದರು. ಪುಟ್ಟ ಡಾಲಿಗೆ ಮಾತ್ರ ಲೋಕದಲ್ಲಿ ಅವಳಷ್ಟು ಚೆಂದದವರು ಇನ್ನೊಬ್ಬರಿರಲಿಲ್ಲ. ಮುಂದೆ ತಾನು ಹಾಗೆಯೇ ಕಾಣಿಸಬೇಕೆಂದು ಅಂದೇ ನಿಶ್ಚಯಿಸಿದೆ ಎಂದು ಡಾಲಿ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅಂದರೆ ಆ ವಿಗ್ಗು, ಆ ಮಿನುಗು, ಆ ಅತಿ ಎಲ್ಲವೂ ಆಕೆ ತನ್ನ ಮೈಮೇಲೆ ತಾನೇ ಬರೆದುಕೊಂಡ ಚಿತ್ರ. ನಾವು ಬರೆಯುತ್ತಿರುವುದು ಅದರ ಜೆರಾಕ್ಸ್.

ಒಮ್ಮೆ ಲಾಸ್ ಏಂಜಲೀಸ್‌ನಲ್ಲಿ ಡಾಲಿಯ ವೇಷ ಹಾಕುವ ಗಂಡಸರ ಸ್ಪರ್ಧೆಗೆ ಸ್ವತಃ ಡಾಲಿಯೇ ಗುಟ್ಟಾಗಿ ಹೋಗಿ ಸಾಲಿನಲ್ಲಿ ನಿಂತರಂತೆ. ಕೂದಲು ಇನ್ನಷ್ಟು ಎತ್ತರ, ಮಚ್ಚೆ ಇನ್ನಷ್ಟು ದೊಡ್ಡದು. ಎಲ್ಲರಿಗಿಂತ ಕಡಿಮೆ ಚಪ್ಪಾಳೆ ಬಿದ್ದದ್ದು ಅವರಿಗೇ. ಅಸಲಿಯನ್ನೇ ಸೋಲಿಸಿದ ನಕಲುಗಳು ಆಗಲೇ ಇರುವಾಗ, ಇನ್ನೊಂದು ನಕಲಿಗೆ ನಾವು ಯಾಕೆ ಕಾಗದ ಹಾಳು ಮಾಡಬೇಕು?

ಈಗ ಉಗುರಿಗೆ ಬರುತ್ತೇನೆ. ಬಹುತೇಕ ಚಿತ್ರಗಳಲ್ಲಿ ಡಾಲಿಯ ಕೈಯಲ್ಲಿ ಗಿಟಾರ್ ಇರುತ್ತದೆ, ಎಡಗೈ ಬೆರಳುಗಳು ಪಠ್ಯಪುಸ್ತಕದಲ್ಲಿರುವಂತೆ ಬಾಗಿ, ತುದಿಯಿಂದ ತಂತಿ ಒತ್ತುತ್ತಿರುತ್ತವೆ. ಡಾಲಿಯಂತೆ ಉದ್ದುದ್ದ ಕೃತಕ ಉಗುರಿಟ್ಟುಕೊಂಡು ಹಾಗೆ ಒತ್ತಿ ನೋಡಿ, ಉಗುರು ಮರಕ್ಕೆ ತಾಗಿ ಬೆರಳು ತಂತಿಯನ್ನು ಮುಟ್ಟುವುದೇ ಇಲ್ಲ. ಡಾಲಿ ಅದಕ್ಕಾಗಿ ಓಪನ್ ಟ್ಯೂನಿಂಗ್ ಹಿಡಿದರು. ತಂತಿಗಳನ್ನೇ ಬೇರೆ ರೀತಿ ಶ್ರುತಿ ಮಾಡಿಟ್ಟುಕೊಂಡರೆ ಬೆರಳನ್ನು ಅಡ್ಡಡ್ಡ ಚಪ್ಪಟೆಯಾಗಿ ಇಟ್ಟರೆ ಸಾಕು, ಸ್ವರಮೇಳ ಹೊರಡುತ್ತದೆ. 1980ರಲ್ಲಿ ‘9 ಟು 5’ ಸಿನಿಮಾದ ಸೆಟ್ಟಿನಲ್ಲಿ ಬಿಡುವು ಸಿಕ್ಕಾಗ ಅವೇ ಕೃತಕ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರು. ಟೈಪ್‌ರೈಟರಿನ ಕಟಕಟ ಕೇಳಿಸಿತು. ಆ ತಾಳದ ಮೇಲೆಯೇ ಹಾಡು ಕಟ್ಟಿದರು, ಉಗುರಿನ ಸದ್ದು ಧ್ವನಿಮುದ್ರಣದಲ್ಲೂ ಸೇರಿತು. ಅಲಂಕಾರವೇ ವಾದ್ಯವಾದ ಇಂಥ ಉಗುರನ್ನು ನಾವು ಕೆಂಪು ಬಣ್ಣದ ಐದು ಚುಕ್ಕಿಯಲ್ಲಿ ಮುಗಿಸಿಬಿಡುತ್ತೇವೆ.

ಕೋಟಿನ ಕಥೆಯೂ ಅಷ್ಟೇ. ಚಳಿಗಾಲಕ್ಕೆ ಮಗಳಿಗೆ ಕೋಟಿಲ್ಲವೆಂದು ಅಮ್ಮ ಏವಿ ಲೀ ಚಿಂದಿ ಬಟ್ಟೆಗಳನ್ನು ಜೋಡಿಸಿ ಹೊಲಿದರು. ಹೊಲಿಯುತ್ತ ಬೈಬಲ್ಲಿನ ಜೋಸೆಫನ ಬಣ್ಣದ ಅಂಗಿಯ ಕಥೆ ಹೇಳಿದರು. ಹುಡುಗಿ ಬೀಗುತ್ತ ತೊಟ್ಟುಕೊಂಡು ಹೋದಳು, ಶಾಲೆಯಲ್ಲಿ ಎಲ್ಲರೂ ನಕ್ಕರು. 1969ರಲ್ಲಿ ಬಸ್ಸಿನಲ್ಲಿ ಹೋಗುವಾಗ ಈ ನೆನಪು ಹಾಡಾಗಿ ಬಂತು. ಕಾಗದವಿರಲಿಲ್ಲ, ಜೊತೆಗಾರ ಗಾಯಕ ಪೋರ್ಟರ್ ವ್ಯಾಗನರ್ ಸೂಟಿನ ಡ್ರೈ ಕ್ಲೀನಿಂಗ್ ರಸೀದಿಯ ಹಿಂದೆ ಬರೆದರು. ಹಾಡು 1971ರಲ್ಲಿ ಬಿಡುಗಡೆಯಾಯಿತು.

ಈ ಕೋಟನ್ನು ಬರೆಯುವವರೆಲ್ಲ ಕಾಮನಬಿಲ್ಲಿನ ಚದುರಂಗದ ಮಣೆ ಮಾಡಿಡುತ್ತಾರೆ. ಒಂದೇ ಅಳತೆಯ ಚೌಕ, ಹೊಚ್ಚ ಹೊಸ ಬಣ್ಣ. ನಾನೂ ಹಾಗೇ ಶುರು ಮಾಡಿದ್ದೆ. ಸರಿ ಕಾಣಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ಅಜ್ಜಿಯ ಕೌದಿ ತೆಗೆದು ಹಾಸಿದೆ. ಅದರಲ್ಲಿ ಒಂದು ತುಂಡೂ ಇನ್ನೊಂದರ ಅಳತೆಗಿಲ್ಲ. ಅಪ್ಪನ ಶಾಲೆಯ ಅಂಗಿಯ ನೀಲಿ ಕಂಕುಳ ಕಡೆ ಬಿಳಿಚಿಕೊಂಡಿದೆ, ಜೇಬು ಬಿಚ್ಚಿದ ಜಾಗದಲ್ಲಿ ಮಾತ್ರ ಇನ್ನೂ ಗಾಢವಾಗಿದೆ. ಇಳಕಲ್ ಸೆರಗಿನ ಕೆಂಪು ಚೂರು ಸಾಲಲಿಲ್ಲವೆಂದು ಅದಕ್ಕೆ ಮೂಲೆಯಲ್ಲಿ ಯಾವುದೋ ಹೂವಿನ ಚೀಟಿ ಬಟ್ಟೆ ಹಚ್ಚಿದ್ದಾರೆ. ದಾರ ಕೂಡ ನಡುವೆ ಬಣ್ಣ ಬದಲಿಸಿದೆ, ಮೊದಲಿನದು ಮುಗಿದಿರಬೇಕು. ಸವೆದ ಬಟ್ಟೆಯಲ್ಲಿ ಬಣ್ಣ ಎಷ್ಟು ಬಗೆಯಲ್ಲಿ ಮಾಸುತ್ತದೆಂದು ಕಣ್ಣಿಟ್ಟು ನೋಡಿದ್ದು ನಾನು ಅಂದೇ. ಟೆನೆಸಿಯ ಆ ಚಿಂದಿಯ ಕೋಟೂ ಹೀಗೇ ಇದ್ದಿರಬೇಕು ಎಂದು ನನ್ನ ಊಹೆ.

ನನಗೆ ಹೆಚ್ಚು ಸಿಟ್ಟು ಬರಿಸುವುದು ಪ್ರಭಾವಳಿಯ ಚಿತ್ರಗಳು. ಡಾಲಿಯನ್ನು ಸಂತಳನ್ನಾಗಿ ಬರೆದು ಮೇಣದ ಬತ್ತಿಯ ಗಾಜಿಗೆ ಅಂಟಿಸಿ ಮಾರುತ್ತಾರೆ. 2021ರಲ್ಲಿ ಟೆನೆಸಿಯ ಶಾಸಕರು ನ್ಯಾಶ್‌ವಿಲ್‌ನ ಶಾಸನಸಭೆಯ ಆವರಣದಲ್ಲಿ ಡಾಲಿಯ ಪ್ರತಿಮೆ ನಿಲ್ಲಿಸುವ ಮಸೂದೆ ತಂದಾಗ, ಈ ಹೊತ್ತಿನಲ್ಲಿ ನನ್ನನ್ನು ಪೀಠದ ಮೇಲೆ ಕೂರಿಸುವುದು ತರವಲ್ಲ ಎಂದು ಅವರೇ ಬೇಡವೆಂದರು. ಬೇಡವೆಂದವರ ತಲೆಯ ಹಿಂದೆ ನಾವು ಚಿನ್ನದ ಬಳೆ ತೊಡಿಸುತ್ತಿದ್ದೇವೆ. ಅದೂ ಎಂಥವರಿಗೆ? 1995ರಿಂದ ಐದು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೊಂದರಂತೆ ಉಚಿತವಾಗಿ ಪುಸ್ತಕ ಅಂಚೆಯಲ್ಲಿ ಕಳಿಸುವ ಯೋಜನೆ ನಡೆಸಿ, 20 ಕೋಟಿಗೂ ಹೆಚ್ಚು ಪುಸ್ತಕ ಹಂಚಿದವರಿಗೆ. ಆ ಪುಟಾಣಿ ಪುಸ್ತಕಗಳ ತುಂಬ ಇರುವುದು ನಮ್ಮಂಥ ಚಿತ್ರಕಾರರ ಕೆಲಸವೇ.

ಆ ಯೋಜನೆ ಹುಟ್ಟಿದ್ದು ಅಪ್ಪನಿಂದ. ರಾಬರ್ಟ್ ಲೀ ಪಾರ್ಟನ್‌ಗೆ ಓದು ಬರಹ ಬರುತ್ತಿರಲಿಲ್ಲ. ಸೆವಿಯರ್‌ವಿಲ್ ಊರಿನ ನ್ಯಾಯಾಲಯದ ಅಂಗಳದಲ್ಲಿ 1987ರಲ್ಲಿ ಜಿಮ್ ಗ್ರೇ ಎಂಬ ಕಲಾವಿದ ಮಾಡಿದ ಡಾಲಿಯ ಕಂಚಿನ ಪ್ರತಿಮೆ ಬಂತು. ನೋಡಿ, ಅದರಲ್ಲಿ ವಿಗ್ಗಿಲ್ಲ. ಕೂದಲು ಹಿಂದಕ್ಕೆ ಕಟ್ಟಿದೆ, ಕಾಲು ಬರಿಗಾಲು, ಬಂಡೆಯ ಮೇಲೆ ಗಿಟಾರ್ ಹಿಡಿದು ಕೂತಿದ್ದಾಳೆ ಹುಡುಗಿ. ಡಾಲಿಯ ಚಿತ್ರಗಳಲ್ಲಿ ನನಗೆ ಇಂದಿಗೂ ಇದೇ ದೊಡ್ಡದು. ಅಪ್ಪ ಮನೆಯಲ್ಲಿ ಇದರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಆದರೆ ಟ್ರಕ್ಕಿನ ಹಿಂಭಾಗದಲ್ಲಿ ಸೋಪಿನ ನೀರಿನ ಬಕೆಟ್ಟು, ಪೊರಕೆ ಇಟ್ಟುಕೊಂಡು ರಾತ್ರಿ ಹೊತ್ತು ಹೋಗಿ ಪ್ರತಿಮೆಯ ಮೇಲಿನ ಪಾರಿವಾಳದ ಹಿಕ್ಕೆ ತೊಳೆದು ಬರುತ್ತಿದ್ದರಂತೆ. ಡಾಲಿಗೆ ಇದು ಗೊತ್ತಾದದ್ದು ಅಪ್ಪ ತೀರಿಕೊಂಡ ಮೇಲೆ.

ಈ ವರ್ಷ ನಾನು ಬರೆಯುತ್ತಿರುವುದು ಆ ರಾತ್ರಿಯನ್ನು. ಟ್ರಕ್ಕಿನ ಹೆಡ್‌ಲೈಟು, ಬಗ್ಗಿದ ಬೆನ್ನು, ಚೌಕಟ್ಟಿನ ಮೇಲ್ತುದಿಯಲ್ಲಿ ಕಂಚಿನ ಒಂದು ಬರಿಗಾಲು ಮಾತ್ರ. ಕರಡು ನೋಡಿದ ಗೆಳತಿ, ಇದರಲ್ಲಿ ಡಾಲಿ ಎಲ್ಲಿ ಎಂದು ಕೇಳಿದಳು. ಇರಲಿ. ನನಗೆ ಸದ್ಯದ ತಲೆನೋವು ಬೇರೆ. ಹಿಕ್ಕೆಯ ಬಿಳಿಗೂ ಸೋಪಿನ ನೊರೆಯ ಬಿಳಿಗೂ ವ್ಯತ್ಯಾಸ ಇನ್ನೂ ಸಿಕ್ಕಿಲ್ಲ, ಮೂರು ಹಾಳೆ ಹರಿದು ಹಾಕಿದ್ದೇನೆ.