ಪಿಸ್ತೂಲಿಗೆ ಎಷ್ಟಾಯ್ತು?

2024ರ ಜುಲೈ ಕೊನೆಯ ವಾರ ಪ್ಯಾರಿಸ್ ಒಲಿಂಪಿಕ್ಸ್‌ನ ಪಿಸ್ತೂಲ್ ಶೂಟಿಂಗ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ದೇಶ ಎರಡು ದಿನ ಕುಣಿಯಿತು. ಮೂರನೇ ದಿನ ಅಸಲು ಪ್ರಶ್ನೆ ಎತ್ತಿತು: ಅಲ್ಲಾ, ಆ ಪಿಸ್ತೂಲಿಗೆ ಎಷ್ಟಂತೆ?

ಉತ್ತರ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ಹೇಳಿದರು. ಬೆಂಗಳೂರಿನ ಸೈಟ್ ರೇಟಿನ ಹಾಗೆ ಬಾಯಿಂದ ಬಾಯಿಗೆ ಏರುತ್ತಾ ಏರುತ್ತಾ ಅದು ಒಂದು ಕೋಟಿಗೆ ಹೋಗಿ ನಿಂತಿತು. ಕೊನೆಗೆ ಪದಕ ಗೆದ್ದ ಹುಡುಗಿಯೇ ಹೇಳಬೇಕಾಯಿತು: ಕೋಟಿ ಅಲ್ಲ, ಒಂದೂವರೆ ಲಕ್ಷದಿಂದ 1.85 ಲಕ್ಷದ ಆಸುಪಾಸು. ಹೊಸದೋ, ಸೆಕೆಂಡ್ ಹ್ಯಾಂಡೋ, ನಮಗೆ ಬೇಕಾದ ಹಾಗೆ ಮಾಡಿಸಿದ್ದೋ ಅನ್ನೋದರ ಮೇಲೆ ಹೋಗುತ್ತೆ ಅಂತ.

ದೇಶದ ಮುಖ ಸಪ್ಪಗಾಯಿತು. "ಅಷ್ಟೇನಾ? ನನ್ನ ಭಾಮೈದನ ಬೈಕಿಗೇ ಅದಕ್ಕಿಂತ ಜಾಸ್ತಿ ಬಿದ್ದಿದೆ." ಪಾಪ, ಕೋಟಿ ಅನ್ನುವುದು ಎಷ್ಟು ಅನುಕೂಲವಾಗಿತ್ತು ನೋಡಿ. "ಕೋಟಿ ಇದ್ದಿದ್ರೆ ನಾವೂ ಹೊಡೀತಿದ್ವಿ ಬಿಡಿ" ಅಂತ ಹೇಳಿ ಸೋಫಾದಲ್ಲಿ ಮಗ್ಗುಲು ಬದಲಿಸಬಹುದಿತ್ತು. ಈಗ ಬೈಕಿನ ರೇಟಿಗೆ ಇಳಿಸಿಬಿಟ್ಟರೆ ಸೋಫಾದವರು ಎಲ್ಲಿಗೆ ಹೋಗಬೇಕು?

ಇದೇ ಮನು ಭಾಕರ್ ಟೋಕಿಯೊದಲ್ಲಿದ್ದಾಗ ಕಥೆ ಬೇರೆ ಇತ್ತು. 2021ರಲ್ಲಿ, ಅರ್ಹತಾ ಸುತ್ತಿನ ನಡುವೆ ಪಿಸ್ತೂಲಿನ ಕಾಕಿಂಗ್ ಲಿವರ್, ಅಂದರೆ ಹೊಡೆಯೋ ಮುಂಚೆ ಪಿಸ್ತೂಲನ್ನು ಸಜ್ಜು ಮಾಡುವ ಹಿಡಿಕೆ, ಮುರಿಯಿತು. 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಅದರಲ್ಲಿ ಒಳ್ಳೆ ಹೊತ್ತೇ ರಿಪೇರಿಗೆ ಹೋಯಿತು. ಆದರೂ 575 ಪಾಯಿಂಟ್ ಹೊಡೆದರು. ಎರಡು ಪಾಯಿಂಟಿನಲ್ಲಿ ಫೈನಲ್ ತಪ್ಪಿತು. ಅವತ್ತು ಯಾರೂ ಪಿಸ್ತೂಲಿನ ರೇಟು ಕೇಳಲಿಲ್ಲ. ಅವತ್ತು ನೂರಾ ಮೂವತ್ತು ಕೋಟಿ ಜನರೂ ಮೆಕ್ಯಾನಿಕ್‌ಗಳಾಗಿದ್ದರು. "ಹೋಗೋ ಮುಂಚೆ ಒಂದ್ಸಲ ಚೆಕ್ ಮಾಡ್ಕೋಬಾರ್ದಾ?" ಅಂತ ಕೇಳಿದವರಲ್ಲಿ ಎಷ್ಟು ಜನರ ಸ್ಕೂಟರಿನ ಸೈಡ್ ಸ್ಟ್ಯಾಂಡ್ ನೆಟ್ಟಗಿತ್ತೋ ದೇವರೇ ಬಲ್ಲ.

ಇನ್ನು ಅದೇ ಪ್ಯಾರಿಸ್‌ನಲ್ಲಿ ಒಂದು ಫೋಟೋದಿಂದ ಲೋಕಕ್ಕೆಲ್ಲ ಗೊತ್ತಾದ ಯೂಸುಫ್ ಡಿಕೆಚ್. ಮರೆತಿರಲಾರಿರಿ. 51ರ ಟರ್ಕಿಯ ಮನುಷ್ಯ, ಟೀ ಶರ್ಟು, ಮಾಮೂಲಿ ಕನ್ನಡಕ, ಎಡಗೈ ಜೇಬಿನಲ್ಲಿ. ಮಿಶ್ರ ತಂಡದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಜೊತೆಗಾತಿ ಶೆವ್ವಾಲ್ ಇಲಾಯ್ದಾ ತರ್ಹಾನ್ ಜೊತೆ ಬೆಳ್ಳಿ ಗೆದ್ದರು. ಮನು ಭಾಕರ್, ಸರಬ್ಜೋತ್ ಸಿಂಗ್ ಜೋಡಿಗೆ ಕಂಚು ಬಂದಿದ್ದೂ ಅದೇ ಸ್ಪರ್ಧೆಯಲ್ಲಿ. ಹಾಗಾದರೆ ಚಿನ್ನ ಯಾರಿಗೆ? ಕೇಳಿ ನೋಡಿ. ಸರ್ಬಿಯಾದ ಜೋಡಿಗೆ. ಪಾಪ, ಅವರ ಫೋಟೋ ಯಾರೂ ಹಂಚಲಿಲ್ಲ. ಬರೀ ಗೆದ್ದರೆ ಸಾಕಾಗುತ್ತಾ?

"ನೋಡ್ರೀ, ಏನೂ ಸಾಮಾನಿಲ್ಲದೆ ಬಂದು ಹೊಡೆದ!" ಅಂತ ಲೋಕವೆಲ್ಲ ಕೊಂಡಾಡಿತು. ಡಿಕೆಚ್ ಕಿವಿಯಲ್ಲಿ ಇಯರ್ ಪ್ಲಗ್ ಇತ್ತು, ಫೋಟೋದಲ್ಲಿ ಕಾಣಲಿಲ್ಲ. ಕೈಯಲ್ಲಿದ್ದದ್ದು ಸಂತೆಯಲ್ಲಿ ಸಿಗುವ ಪಿಸ್ತೂಲಲ್ಲ. ಅದೂ ಯಾರಿಗೂ ಕಾಣಲಿಲ್ಲ. ಖಾಲಿ ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುವುದು ಈ ಆಟದಲ್ಲಿ ಎಲ್ಲರೂ ಮಾಡುವ ಕೆಲಸ, ಮೈ ಅಲುಗದಿರಲಿ ಅಂತ. 2008ರಿಂದ ಆ ಮನುಷ್ಯ ಒಂದೂ ಒಲಿಂಪಿಕ್ಸ್ ತಪ್ಪಿಸಿರಲಿಲ್ಲ. ಅದು ಫೋಟೋದಲ್ಲಿ ಕಾಣುವಂಥದ್ದೂ ಅಲ್ಲ. ಕಂಡದ್ದು ಜೇಬು. ಎಲ್ಲರ ಹತ್ತಿರವೂ ಇತ್ತಲ್ಲ, ಖುಷಿಯೋ ಖುಷಿ. ಕಂಡಕಂಡವರೆಲ್ಲ ಆ ಭಂಗಿಯ ಮೇಲೆ ಹಕ್ಕು ಸಾಧಿಸಲು ಹೊರಟಾಗ, ಕೊನೆಗೆ ಡಿಕೆಚ್ ಕಡೆಯವರೇ ಅದನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದರು. ಸರಳತೆಗೂ ರಿಜಿಸ್ಟ್ರೇಷನ್ ಬೇಕು ಸ್ವಾಮೀ.

ಈ ಗಲಾಟೆಯೆಲ್ಲ ಮುಗಿದ ಮೇಲೆ ನಮ್ಮಲ್ಲಿ ಉಳಿದುಕೊಂಡವರು ಟ್ಯೂನಿಂಗ್ ಮಹಾಶಯರು, ಅಂದರೆ ಹೊಡೆಯುವುದಕ್ಕಿಂತ ಪಿಸ್ತೂಲನ್ನು ತಿದ್ದುವುದರಲ್ಲೇ ಮುಳುಗಿದವರು. ಯಾವ ಶೂಟಿಂಗ್ ರೇಂಜಿಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ಹೆಚ್ಚಾಗಿ ಸಾಫ್ಟ್‌ವೇರಿನವರು. ಕೇಳಿದರೆ, "ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೂಡ ಸಾಫ್ಟ್‌ವೇರಿನವರೇ ಅಲ್ವಾ" ಅನ್ನುತ್ತಾರೆ. ನಿಜ. 2013ರ ಚಾಂಗ್ವನ್ ವಿಶ್ವಕಪ್ಪಿನಲ್ಲಿ ಏರ್ ಪಿಸ್ತೂಲಿನ ಕಂಚು ತಂದವರು ಅವರು. ಅದೇ ವರ್ಷ ಮುಖದ ಪಾರ್ಶ್ವವಾಯು ಬಡಿದರೂ ಚೇತರಿಸಿಕೊಂಡು ಮತ್ತೆ ರೇಂಜಿಗೆ ಬಂದವರು, ರಿಯೋ ಒಲಿಂಪಿಕ್ಸ್‌ಗೂ ಹೋದವರು. ಇದರಲ್ಲಿ ನಮ್ಮ ಮಹಾಶಯರಿಗೆ ಬೇಕಾದ ಮಾಹಿತಿ ಒಂದೇ: ಅವರು ಹಿಡಿದದ್ದು ಯಾವ ಮಾಡೆಲ್?

ಮಹಾಶಯರ ಮೊದಲ ಶತ್ರು ಗ್ರಿಪ್ಪು. ಇಟಲಿಯಿಂದ ಬಂದ ವಾಲ್‌ನಟ್ ಮರದ ಹಿಡಿ, ಕೆತ್ತಿದ ಕೈ ಎಲ್ಲಿಯದೋ ಏನೋ, ಮುಟ್ಟಿದರೆ ಬೆಣ್ಣೆ. ಅದು ಮನೆಗೆ ಬಂದ ರಾತ್ರಿಯೇ ಅದಕ್ಕೆ ಎಂ-ಸೀಲ್ ಮೆತ್ತಲಾಗುತ್ತದೆ. ಹೌದು, ಸಿಂಟೆಕ್ಸ್ ಟ್ಯಾಂಕಿನ ಪೈಪಿಗೆ ಹಚ್ಚುವ ಅದೇ ಎಂ-ಸೀಲ್. ಮಹಾಶಯರು ಅಂಗೈಗೆ ಪೌಡರ್ ಬಳಿದುಕೊಂಡು, ಮೆತ್ತಿದ ಗ್ರಿಪ್ಪನ್ನು ಹಿಡಿದು, ಅದು ಒಣಗುವ ತನಕ ನಡುಮನೆಯಲ್ಲಿ ವಿಗ್ರಹದಂತೆ ನಿಲ್ಲುತ್ತಾರೆ.

"ರೀ, ಗ್ಯಾಸಿನವನು ಬಂದಿದಾನೆ, ಬಾಗಿಲು ತೆಗೀರಿ."

"ಆಗಲ್ಲ ಕಣೇ, ಒಣಗ್ತಿದೆ."

"ಅಡುಗೆಮನೆ ನಲ್ಲಿ ಸೋರಿದಾಗ ಎರಡು ತಿಂಗಳು ಎಂ-ಸೀಲ್ ತನ್ನಿ ಅಂತ ಬಡ್ಕೊಂಡೆ. ಆಗ ಸಿಗಲಿಲ್ಲ, ಈಗ ಎಲ್ಲಿಂದ ಬಂತು?"

ಇದಕ್ಕೆ ಟ್ಯೂನಿಂಗ್ ಶಾಸ್ತ್ರದಲ್ಲಿ ಉತ್ತರವಿಲ್ಲ.

ಒಣಗಿದ ಮೇಲೆ ಅರದಲ್ಲಿ ಉಜ್ಜುವುದು. ಜಾಸ್ತಿ ಉಜ್ಜಿದರೆ ಮತ್ತೆ ಮೆತ್ತುವುದು. ಹೀಗೆ ಮೆತ್ತಿ ಮೆತ್ತಿ ಹಿಡಿ ಊದಿಕೊಳ್ಳುತ್ತದೆ. ನಿಯಮದ ಪ್ರಕಾರ ಏರ್ ಪಿಸ್ತೂಲು 420 ಮಿ.ಮೀ. ಉದ್ದ, 200 ಎತ್ತರ, 50 ಅಗಲದ ಡಬ್ಬಿಯೊಳಗೆ ಹಿಡಿಸಬೇಕು. ಸ್ಪರ್ಧೆಯ ದಿನ ಮಹಾಶಯರ ಪಿಸ್ತೂಲು ಡಬ್ಬಿಗೆ ಇಳಿಯಲೇ ಇಲ್ಲ. ಮಿಕ್ಕವರು ಉಸಿರು ಹಿಡಿದು ಗುರಿ ಅಭ್ಯಾಸ ಮಾಡುತ್ತಿದ್ದರೆ, ಇವರು ಪಾರ್ಕಿಂಗ್ ಜಾಗದಲ್ಲಿ ಕೂತು ಇಟಲಿಯ ಮರವನ್ನು ಕಾಂಪೌಂಡ್ ಗೋಡೆಗೆ ತಿಕ್ಕುತ್ತಿದ್ದರು.

ಆಮೇಲೆ ಟ್ರಿಗರ್. ಅದು ಕನಿಷ್ಠ 500 ಗ್ರಾಂ ತಡೆದುಕೊಳ್ಳಬೇಕು. ಪಿಸ್ತೂಲಿನ ಮೂತಿ ಮೇಲೆ ಮಾಡಿ, ಟ್ರಿಗರಿಗೆ 500 ಗ್ರಾಂ ತೂಕ ಸಿಕ್ಕಿಸಿ ಎತ್ತುತ್ತಾರೆ. ಟಕ್ ಅಂದರೆ ಫೇಲ್. ತಿಳಿದವರು ಹತ್ತು ಗ್ರಾಂ ಜಾಸ್ತಿ ಇಟ್ಟುಕೊಂಡು ನೆಮ್ಮದಿಯಾಗಿರುತ್ತಾರೆ. ಮಹಾಶಯರಿಗೆ ಅದು ಅವಮಾನ. ಚಿನ್ನದಂಗಡಿಯವರು ಬಳಸುವ ತಕ್ಕಡಿ ತರಿಸಿ, ಅಲೆನ್ ಕೀ ಹಿಡಿದು, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಸರಿಯಾಗಿ 500ಕ್ಕೆ ತಂದು ನಿಲ್ಲಿಸುತ್ತಾರೆ. ಇದೇ ಮನುಷ್ಯ ತರಕಾರಿಯವನು ಅರ್ಧ ಕೆಜಿ ಬೀನ್ಸಿಗೆ ನಾನೂರು ಗ್ರಾಂ ಹಾಕಿದರೆ ತಿರುಗಿಯೂ ನೋಡದೆ ಕವರ್ ಹಿಡಿದು ಬರುತ್ತಾರೆ.

ಪೆಲೆಟ್ಟಿನ, ಅಂದರೆ ಏರ್ ಪಿಸ್ತೂಲಿನ ಪುಟಾಣಿ ಗುಂಡಿನ, ವಿಷಯ ಎತ್ತಲೇಬೇಡಿ. 4.49 ಮಿ.ಮೀ. ತಲೆಯದ್ದೋ, 4.50ರದ್ದೋ? ಇದರ ಬಗ್ಗೆ ಮಹಾಶಯರು ಒಂದು ಮಧ್ಯಾಹ್ನ ಪೂರ್ತಿ ಮಾತಾಡಬಲ್ಲರು. ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಟಾರ್ಗೆಟ್ಟಿನ ನಡುವಿನ ಹತ್ತು ಪಾಯಿಂಟಿನ ವೃತ್ತ 11.5 ಮಿ.ಮೀ. ಅದರ ಸುತ್ತಲ ಕಪ್ಪು ಭಾಗ ಸುಮಾರು ಆರು ಸೆಂಟಿಮೀಟರ್. ಮಹಾಶಯರ ಪೆಲೆಟ್ಟು ಆ ಆರು ಸೆಂಟಿಮೀಟರಿನಲ್ಲಿ ತನಗೆ ಖುಷಿ ಬಂದ ಕಡೆ ಬೀಳುತ್ತದೆ, ಕೆಲವೊಮ್ಮೆ ಹೊರಗಿನ ಬಿಳಿಯನ್ನೂ ಮಾತಾಡಿಸಿ ಬರುತ್ತದೆ. "4.50 ಹಾಕಿದ್ರೆ ಗ್ರೂಪ್ ಬಿಗಿ ಆಗ್ತಿತ್ತು, ಎಲ್ಲಾ ಒಂದೇ ಕಡೆ ಬೀಳ್ತಿತ್ತು" ಅಂತ ಮಹಾಶಯರು ನಿಟ್ಟುಸಿರು ಬಿಡುತ್ತಾರೆ.

ಇಷ್ಟೆಲ್ಲ ಸಜ್ಜಾದ ಪಿಸ್ತೂಲನ್ನು ಪಕ್ಕದ ರಾಜ್ಯದ ಸ್ಪರ್ಧೆಗೆ ಒಯ್ಯಬೇಕಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಸ್ಪಷ್ಟವಾಗಿವೆ: ಕೊಳವೆ 4.5 ಮಿ.ಮೀ. ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಸ್ಪಷ್ಟವಾಗಿದ್ದರೆ ಸಾಕೇ? ವಿಮಾನದ ಕೌಂಟರಿನಲ್ಲಿ ನಡೆಯುವುದು ಹೀಗೆ.

"ಲೈಸೆನ್ಸ್ ಎಲ್ಲಿ?"

"ಇದಕ್ಕೆ ಲೈಸೆನ್ಸ್ ಬೇಡ ಸಾರ್."

"ಸರಿ. ಬೇಡ ಅಂತ ಇರೋ ಲೈಸೆನ್ಸ್ ಎಲ್ಲಿ?"

ಅದು ಮುಗಿದರೆ ಪೆಲೆಟ್ಟನ್ನು ತಳ್ಳುವ ಗಾಳಿ ತುಂಬಿಡುವ ಸಿಲಿಂಡರ್.

"ಇದರಲ್ಲಿ ಏನಿದೆ?"

"ಏನೂ ಇಲ್ಲ ಸಾರ್, ಖಾಲಿ ಮಾಡಿದೀನಿ."

"ಖಾಲಿ ಅಂದ್ರೆ? ಒಳಗೆ ಏನೂ ಇಲ್ವಾ?"

"ಗಾಳಿ ಇರುತ್ತೆ ಸಾರ್, ಮಾಮೂಲಿ ಗಾಳಿ."

"ಈಗ ತಾನೆ ಖಾಲಿ ಅಂದ್ರಲ್ಲ. ಗಾಳೀನೂ ತೆಗೀರಿ."

ಇತ್ತ ಮದುವೆ ದಿಬ್ಬಣದಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಶೂರರಿಗಾಗಿಯೇ 2019ರಲ್ಲಿ ಕಾನೂನು ತಿದ್ದಿ, ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ ಅಂತ ಬರೆದಿಡಬೇಕಾಯಿತು. ಆ ಶೂರರ ಟ್ರಿಗರ್ ಎಷ್ಟು ಗ್ರಾಂ, ಬಂದೂಕು ಯಾವ ಡಬ್ಬಿಗೆ ಹಿಡಿಸುತ್ತೆ ಅಂತ ಯಾರೂ ಅಳೆದಿದ್ದು ಕಾಣೆ.

ಅಂದಹಾಗೆ, ದೊಡ್ಡ ಶೂಟರ್‌ಗಳು ದಿನಾ ಮಾಡುವ ಒಂದು ಅಭ್ಯಾಸವಿದೆ. ಡ್ರೈ ಫೈರ್. ಪೆಲೆಟ್ ಇಲ್ಲ, ಟಾರ್ಗೆಟ್ ಇಲ್ಲ. ಬಿಳಿ ಗೋಡೆಯ ಮುಂದೆ ನಿಂತು ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯುವುದು, ಕೊಳವೆಯ ತುದಿಯಲ್ಲಿ ಗುರಿ ನೋಡಲು ಇರುವ ಸೈಟು ಅಲುಗದ ಹಾಗೆ. ಮತ್ತೆ ಎಳೆಯುವುದು. ತಿಂಗಳುಗಟ್ಟಲೆ. ಕೋಚ್ ಇದನ್ನು ಮಹಾಶಯರಿಗೂ ಹೇಳಿದ್ದರು. ಮಹಾಶಯರು ಎರಡು ದಿನ ಮಾಡಿ ಬಿಟ್ಟರು. ತಪ್ಪು ಅವರದಲ್ಲ. ಪುಕ್ಕಟೆ ಸಿಗುವ ವಸ್ತುವಿನ ಮೇಲೆ ನಂಬಿಕೆ ಬರುವುದು ಕಷ್ಟ.

ಆದ್ದರಿಂದ ನಾನೇ ಒಂದು ವ್ಯಾಪಾರ ಶುರುಮಾಡೋಣ ಅಂತಿದೀನಿ. ಸ್ಪರ್ಧಾ ದರ್ಜೆಯ ಗೋಡೆ. ಜರ್ಮನ್ ಬಿಳಿ ಬಣ್ಣ, ಎಸ್, ಎಂ, ಎಲ್ ಮೂರು ಸೈಜು, ಅಲೆನ್ ಕೀ ಉಚಿತ. ಒಂದೂವರೆ ಲಕ್ಷ. ಕೋಟಿ ಅಂತ ಸುದ್ದಿ ಹಬ್ಬಿಸುವ ಕೆಲಸ ನಿಮಗೆ ಬಿಟ್ಟಿದ್ದು. ಎಡಗೈಯವರಿಗೆ ಡೆಲಿವರಿ ಸ್ವಲ್ಪ ತಡವಾಗುತ್ತೆ.