ಶ್ರೀಮಂತರಾಗೋ ಪುಸ್ತಕಗಳಲ್ಲಿ ಬೋರ್ ಹೊಡ್ಸೋ ಭಾಗವೇ ನಿಜ

ದುಡ್ಡು ಮಾಡೋದು ಹೇಗೆ ಅಂತ ಹೇಳೋ ಹಳೇ ಸೆಲ್ಫ್ ಹೆಲ್ಪ್ ಪುಸ್ತಕಗಳ ವಿಷಯ ಬಂದ್ರೆ ಜನ ಎರಡೇ ಪಾರ್ಟಿ. ಒಬ್ರಿಗೆ ಅದು ವೇದವಾಕ್ಯ, ಇನ್ನೊಬ್ರಿಗೆ ಬರೀ ಬೊಗಳೆ. ನಂಗನ್ಸೋದು ಅವುಗಳಲ್ಲಿ ಕೆಲಸಕ್ಕೆ ಬರೋ ಮಾತು ಖಂಡಿತ ಇದೆ, ಆದ್ರೆ ಅದು ಯಾರೂ ಸ್ಟೇಟಸ್‌ಗೆ ಹಾಕ್ಕೊಳ್ಳೋ ಥರದ್ದಲ್ಲ.

ಜಾರ್ಜ್ ಕ್ಲೇಸನ್ ಅವರ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್’ ತಗೊಳ್ಳಿ, 1926ರದ್ದು. ಮೊದ್ಲು ಸಣ್ಣ ಸಣ್ಣ ಪುಸ್ತಿಕೆ ಥರ ಬಂದಿದ್ದು, ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳು ಜನಕ್ಕೆ ಹಂಚ್ತಿದ್ವು (ಉಳಿತಾಯ ಮಾಡಿ ಅಂತ ಬ್ಯಾಂಕಿನವ್ರು ಹೇಳ್ದೆ ಇನ್ಯಾರು ಹೇಳ್ತಾರೆ, ಅದಿರ್ಲಿ). ಅದ್ರಲ್ಲಿ ಪ್ರಾಚೀನ ಬ್ಯಾಬಿಲಾನ್ ನಗರದ ಅರ್ಕಾಡ್ ಅಂತ ಒಬ್ಬ ಲಿಪಿಕಾರ, ಜೇಡಿಮಣ್ಣಿನ ಹಲಗೆ ಮೇಲೆ ಬರೆದು ಹೊಟ್ಟೆ ಹೊರ್ಕೊಳ್ಳೋನು. ಅವನಿಗೆ ಅಲ್ಗಮಿಶ್ ಅನ್ನೋ ಮುದುಕ ಸಾಹುಕಾರ ಹೇಳಿಕೊಡೋದು ಇಷ್ಟೇ, ಗಳಿಸಿದ್ರಲ್ಲಿ ಹತ್ತರಲ್ಲೊಂದು ಭಾಗ ಮೊದ್ಲು ನಿಂಗೆ ಅಂತ ಎತ್ತಿಡು, ಆಮೇಲೆ ಮಿಕ್ಕವ್ರಿಗೆ ಕೊಡು. ಅರ್ಕಾಡ್ ಒಂದು ವರ್ಷ ಉಳಿಸಿ ಅದನ್ನ ಇಟ್ಟಿಗೆ ಮಾಡೋನ ಕೈಗೆ ಕೊಡ್ತಾನೆ, ದೂರದೇಶದಿಂದ ರತ್ನ ತಂದು ಮಾರೋಣ ಅಂತ. ಬಂದಿದ್ದು ಗಾಜಿನ ಚೂರು. ರತ್ನದ ವಿಷಯ ಇಟ್ಟಿಗೆಯವನಿಗೇನು ಗೊತ್ತು ಅಂತ ಮುದುಕ ಬೈತಾನೆ. ನೂರು ವರ್ಷ ಆಯ್ತು, ಇವತ್ತಿಗೂ ವಾಟ್ಸಾಪ್ ಗ್ರೂಪಲ್ಲಿ ಬರೋ ಟ್ರೇಡಿಂಗ್ ಟಿಪ್ಪಿಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ನೋಡಿಲ್ಲ.

ಇದು ಕೆಲಸ ಮಾಡತ್ತಾ ಅಂದ್ರೆ ಮಾಡತ್ತೆ, ಆದ್ರೆ ಇಚ್ಛಾಶಕ್ತಿಯಿಂದ ಅಲ್ಲ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್, ಶ್ಲೋಮೊ ಬೆನಾರ್ಜಿ ಒಂದು ಕಂಪನಿ ಉದ್ಯೋಗಿಗಳ ಮೇಲೆ ಮಾಡಿದ ಪ್ರಯೋಗ 2004ರಲ್ಲಿ ಪ್ರಕಟ ಆಯ್ತು. ಈಗ್ಲೇ ಜಾಸ್ತಿ ಉಳಿಸಿ ಅಂದ್ರೆ ಆಗಲ್ಲ ಅಂದವ್ರಿಗೆ, ಸರಿ ಮುಂದಿನ ಸಲ ಸಂಬಳ ಏರಿದಾಗ ಏರಿದ್ದರಲ್ಲಿ ಒಂದು ಪಾಲು ತಾನಾಗೇ ಉಳಿತಾಯಕ್ಕೆ ಹೋಗ್ಲಿ, ಬೇಡ ಅನ್ಸಿದ್ರೆ ಯಾವಾಗ ಬೇಕಾದ್ರೂ ನಿಲ್ಸಿ ಅಂದ್ರು. ಒಪ್ಪಿಕೊಂಡವ್ರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಹೋಯ್ತು. ಯಾರೂ ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ನಾನು ಕೋಟ್ಯಧಿಪತಿ ಅಂತ ಜಪ ಮಾಡ್ಲಿಲ್ಲ, ದುಡ್ಡು ಕಣ್ಣಿಗೆ ಬೀಳೋ ಮುಂಚೆ ಕಟ್ ಆಯ್ತು ಅಷ್ಟೇ.

ಸರಿ, ಹತ್ತರಲ್ಲೊಂದು ಉಳಿಸಿದ್ರೆ ಶ್ರೀಮಂತರಾಗ್ತೀವಾ? ಲೆಕ್ಕ ಹಾಕಿ. ಬೆಲೆ ಏರಿಕೆ ಕಳೆದು ವರ್ಷಕ್ಕೆ ಶೇ. 4 ಬೆಳೀತು, ಸಂಬಳನೂ ಬೆಲೆ ಜೊತೆಗಷ್ಟೇ ಏರ್ತು ಅಂದ್ಕೊಂಡ್ರೆ 30 ವರ್ಷಕ್ಕೆ ಕೈಲಿರೋದು ಹೆಚ್ಚುಕಮ್ಮಿ ಐದೂವರೆ ವರ್ಷದ ಸಂಬಳ, 40 ವರ್ಷ ಆದ್ರೆ ಒಂಬತ್ತೂವರೆ ವರ್ಷದ್ದು. ಬೇಗ ಶುರು ಮಾಡಿದ್ರೆ ಎಷ್ಟು ಲಾಭ ನೋಡಿ. ಮುಪ್ಪಿಗೆ ಇದು ದೊಡ್ಡ ಆಸರೆನೇ, ನಾನೇನೂ ಹಗುರ ಮಾಡ್ತಿಲ್ಲ. ಆದ್ರೆ ಊರಿಗೇ ಸಾಹುಕಾರ ಆಗೋ ದಾರಿ ಇದಲ್ಲ.

ಹಾಗಾದ್ರೆ ಅರ್ಕಾಡ್ ಬ್ಯಾಬಿಲಾನ್‌ಗೇ ದೊಡ್ಡ ಸಾಹುಕಾರ ಹೇಗಾದ? ಪುಸ್ತಕದಲ್ಲೇ ಇದೆ, ಯಾರೂ ಗಮನಿಸಲ್ಲ. ಅಲ್ಗಮಿಶ್‌ಗೆ ವಯಸ್ಸಾಯ್ತು, ಮಕ್ಕಳಿಗೆ ಖರ್ಚು ಮಾಡೋದು ಬಿಟ್ಟು ಬೇರೆ ಬರಲ್ಲ, ಅದಕ್ಕೆ ಜಮೀನು ನೋಡ್ಕೊಳ್ಳೋಕೆ ಅರ್ಕಾಡ್‌ನ ಕರ್ಕೊಂಡ, ಪಾಲುದಾರ ಮಾಡ್ಕೊಂಡ, ಸತ್ತ ಮೇಲೆ ಆಸ್ತೀಲಿ ಪಾಲೂ ಸಿಕ್ತು! ನಿಂದು ಅದೃಷ್ಟ ಕಣಯ್ಯ ಅಂತ ಗೆಳೆಯ ಅಂದ್ರೆ ಅರ್ಕಾಡ್ ಒಪ್ಪಲ್ಲ, ಅಲ್ಗಮಿಶ್‌ನ ನೋಡೋಕೆ ಮುಂಚೆನೇ ನಂಗೆ ಮೇಲೆ ಬರೋ ಆಸೆ ಇತ್ತು ಅಂತಾನೆ. ಆಸೆ ಇತ್ತಪ್ಪಾ, ಶಿಸ್ತೂ ಇತ್ತು, ಅದಕ್ಕೇ ಮುದುಕ ಇವನನ್ನ ಆರಿಸಿದ್ದು, ಒಪ್ತೀನಿ. ಆದ್ರೆ ಅದೇ ಊರಲ್ಲಿ ಅಷ್ಟೇ ಶಿಸ್ತಾಗಿ ಉಳಿಸಿ, ಯಾವ ಸಾಹುಕಾರನ ಕಣ್ಣಿಗೂ ಬೀಳದ ಲಿಪಿಕಾರನ ಕಥೆ ಯಾರು ಬರೀತಾರೆ?

ನೆಪೋಲಿಯನ್ ಹಿಲ್ ಪುಸ್ತಕದ್ದೂ ಇದೇ ರೋಗ, ಇನ್ನೂ ಜೋರು. ‘ಥಿಂಕ್ ಅಂಡ್ ಗ್ರೋ ರಿಚ್’ ಬಂದಿದ್ದು 1937ರಲ್ಲಿ, ಮಹಾ ಆರ್ಥಿಕ ಕುಸಿತದಿಂದ ಅಮೆರಿಕ ಇನ್ನೂ ಪೂರ್ತಿ ಎದ್ದಿರಲಿಲ್ಲ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿನೇ ತನಗೆ ಈ ಕೆಲಸ ಹಚ್ಚಿದ್ದು, ತಾನು 500ಕ್ಕಿಂತ ಜಾಸ್ತಿ ಯಶಸ್ವಿ ಜನರನ್ನ ಅಧ್ಯಯನ ಮಾಡಿದ್ದು ಅಂತ ಹಿಲ್ ಹೇಳ್ಕೊಂಡ. ಕಾರ್ನೆಗಿ ಜೀವನಚರಿತ್ರೆ ಬರೆದ ಡೇವಿಡ್ ನಾಸಾ ಅವರಿಗೆ ಆ ಭೇಟಿಗೆ ಪುರಾವೆನೇ ಸಿಗಲಿಲ್ಲ. ನಿಜ ಅಂತಲೇ ಇಟ್ಕೊಳ್ಳೋಣ, ಗೆದ್ದವ್ರನ್ನ ಮಾತ್ರ ಕೇಳಿದ್ರೆ ಎಲ್ರಲ್ಲೂ ಉರಿಯೋ ಆಸೆ ಇದ್ದೇ ಇರತ್ತೆ, ಆದ್ರೆ ಅದೇ ಆಸೆ ಮನೆ ಮಠ ಕಳ್ಕೊಂಡವ್ರಲ್ಲೂ ಇರತ್ತೆ. (ಅಂದಹಾಗೆ ಎಮರ್ಸನ್, ಡಾರ್ವಿನ್, ಲಿಂಕನ್ ಎಲ್ಲ ಸೇರಿ ಒಂಬತ್ತು ಜನರ ಜೊತೆ ದಿನಾ ರಾತ್ರಿ ಮನಸ್ಸಲ್ಲೇ ಮೀಟಿಂಗ್ ಮಾಡ್ತಿದ್ದೆ ಅಂತಾನೂ ಅದರಲ್ಲಿ ಬರೀತಾನೆ. ಮಜಾ ಇದೆ ಓದೋಕೆ.)

ಬರೀ ಕಲ್ಪನೆ ಮಾಡ್ಕೊಳ್ಳೋದು ಉಲ್ಟಾನೂ ಹೊಡೀಬಹುದು. ಗೇಬ್ರಿಯಲ್ ಓಟಿಂಗನ್ ಅನ್ನೋ ಮನಃಶಾಸ್ತ್ರಜ್ಞೆ ಕೆಲಸ ಹುಡುಕ್ತಿದ್ದ ಪದವೀಧರರನ್ನ ಎರಡು ವರ್ಷದ ನಂತರ ಮತ್ತೆ ವಿಚಾರಿಸಿದಾಗ, ಒಳ್ಳೆ ಕೆಲಸ ಸಿಕ್ಕ ಹಾಗೆ ಜಾಸ್ತಿ ಹಗಲುಗನಸು ಕಂಡವ್ರು ಕಮ್ಮಿ ಅರ್ಜಿ ಹಾಕಿದ್ರು, ಅವ್ರ ಸಂಬಳನೂ ಕಮ್ಮಿ ಇತ್ತು. ನನ್ನಿಂದ ಆಗತ್ತೆ ಅನ್ನೋ ನಂಬಿಕೆ ಇದ್ದವ್ರದ್ದು ಮಾತ್ರ ಚೆನ್ನಾಗೇ ಇತ್ತು, ಅದು ಬೇರೆ, ಇದು ಬೇರೆ.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಎಲ್ಲಿ ಅಂದ್ರೆ, ಬಡವ ಯೋಚನೆ ಸರಿ ಮಾಡದೆ ಬಡವನಾದ ಅಂತ ಒಳಗೊಳಗೇ ಹೇಳ್ತಾರಲ್ಲ, ಅಲ್ಲಿ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಕೈ ಬಿಗಿ ಇದ್ದಾಗ ಒಂದ್ಸಲ, ಕಟಾವಾಗಿ ದುಡ್ಡು ಬಂದ ಮೇಲೆ ಒಂದ್ಸಲ ತರ್ಕ, ಗಮನದ ಪರೀಕ್ಷೆ ಕೊಟ್ರು. ಅದೇ ರೈತ ದುಡ್ಡಿಲ್ಲದಾಗ ಹಿಂದೆ ಬಿದ್ದ, ದುಡ್ಡು ಬಂದಾಗ ಚುರುಕಾದ. ತಲೆ ಕೆಟ್ಟು ದುಡ್ಡು ಹೋಗಿದ್ದಲ್ಲ ಸ್ವಾಮಿ, ದುಡ್ಡಿಲ್ಲದೆ ತಲೆ ಕೆಡ್ತಾ ಇದ್ದಿದ್ದು.

ಯಾರಾದ್ರೂ ಕೇಳಿದ್ರೆ, ತಿಂಗಳ ಕೊನೆಗೆ ಸ್ವಲ್ಪನಾದ್ರೂ ಉಳಿಯೋ ಸಂಬಳ ಇದ್ರೆ ಕ್ಲೇಸನ್ ಓದಿ, ಆಟೋ ಡೆಬಿಟ್ ಹಾಕಿ ಅಂತೀನಿ. ಒಂದು ಕಡೆ ಮಾತ್ರ ಅವ್ರ ಮಾತು ಹಾಗೇ ನಂಬ್ಬೇಡಿ. ಸಾಲ ಇರೋನು ಆದಾಯದ ಹತ್ತು ಭಾಗದಲ್ಲಿ ಏಳರಲ್ಲಿ ಬದುಕಿ, ಎರಡು ಭಾಗ ಸಾಲಕ್ಕೆ, ಒಂದು ಭಾಗ ಉಳಿತಾಯಕ್ಕೆ ಇಡ್ಲಿ ಅಂತಾರೆ. ಕ್ರೆಡಿಟ್ ಕಾರ್ಡ್ ಸಾಲ ಇದ್ರೆ ಆ ಲೆಕ್ಕ ಬೇಡ, ಅದರ ಬಡ್ಡಿ ಮುಂದೆ ಉಳಿತಾಯಕ್ಕೆ ಸಿಗೋ ಬಡ್ಡಿ ಯಾವ ಮೂಲೆಗೂ ಸಾಲಲ್ಲ. ಆಸ್ಪತ್ರೆ ಗೀಸ್ಪತ್ರೆಗೆ ಅಂತ ಸ್ವಲ್ಪ ಕೈಲಿಟ್ಕೊಂಡು, ಆ ಒಂದು ಭಾಗನೂ ಸಾಲಕ್ಕೇ ಹಾಕಿ.